ಸುನೀತಾಳ ತಾಟೂ ನನ್ನ ಕ್ಯಾಮ್‌ಶಾಫ್ಟೂ

ಈ ಸಲ ಹೆಂಡತಿಯನ್ನು ತವರಿನಿಂದ ಕರೆತಂದರೆ ಟರ್ಬೊ ಜೀಪಿನಲ್ಲೇ ಕರೆತರುತ್ತೇನೆ, ಇಲ್ಲದಿದ್ದರೆ ಸಿದ್ಧರಾಮ ಅನ್ನೋ ಹೆಸರನ್ನೇ ಬದಲಿಸಿಕೊಳ್ಳುತ್ತೇನೆ! ಇಂಥದೊಂದು ಭೀಷ್ಮಪ್ರತಿಜ್ಞೆಯನ್ನು ದೇವರ ಹಿಪ್ಪರಗಿಯ ನನ್ನ ಗ್ಯಾರೇಜಿನಲ್ಲಿ, ಬೋಲ್ಟ್ ಬಿಗಿಯುವ ಪಾನಾ ಎತ್ತಿ ಹಿಡಿದು ಮಾಡಿದೆ. ಸಾಕ್ಷಿಗಿದ್ದವರು ಗೆಳೆಯ ಮಂಜೂರ ಮತ್ತು ಬಾನೆಟ್ ತೆರೆದು ನಿಂತಿದ್ದ ನನ್ನ ಹಳೇ ಪೆಟ್ರೋಲ್ ಜೀಪು. ಇಬ್ಬರೂ ಚಪ್ಪಾಳೆ ಹೊಡೆಯಲಿಲ್ಲ.

ಪ್ರತಿಜ್ಞೆಗೆ ಕಾರಣವಿತ್ತು. ಸುನೀತಾಳ ತವರು ತಂಗಡಗಿ. ಅವರ ಮನೆಯ ಓಣಿ ಒಂದು ಏರು. ಹೋದ ವರ್ಷ ಆ ಏರಿನ ನಟ್ಟನಡುವೆ ಜೀಪು ಉಸಿರು ಬಿಟ್ಟಿತು. ಹೆಂಡತಿ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ನೂಕಿದಳು. ನಾನು ಸ್ಟೇರಿಂಗ್ ಹಿಡಿದು ಅಳಿಯನ ಗತ್ತಿನಲ್ಲಿ ಕೂತಿದ್ದೆ. ಇಡೀ ಓಣಿ ನಕ್ಕಿತು! ಅದಕ್ಕೇ ಈ ವರ್ಷ ನಾಗರಪಂಚಮಿಗೆ ಅವಳ ಅಣ್ಣ ಬಂದು ಕರೆದೊಯ್ಯುವಾಗ ನಾನೇ ಹೇಳಿಬಿಟ್ಟೆ, "ಹೊಳ್ಳಿ ಬಸ್ಸಿಗೆ ಬರಬ್ಯಾಡ. ನಾ ಬಂದು ರಾಣಿ ಹಂಗ ಕರ್ಕೊಂಡ ಬರ್ತೇನಿ."

ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಕೂಡಿಸಿದ್ದಾಯಿತು. ಇನ್ನು ಉಳಿದದ್ದು ಕ್ಯಾಮ್‌ಶಾಫ್ಟ್. ಎಂಜಿನ್ನಿನ ಬಾಗಿಲುಗಳಾದ ವಾಲ್ವುಗಳನ್ನು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು ಎಂದು ಹುಕುಂ ಮಾಡುವ ಸರದಾರ ಅದು. ಹಳೇ ವಾಹನದ ಸಾಮಾನು ಮಾರುವ ಮಂಜೂರ ಎರಡು ತಂದಿಟ್ಟ. ಒಂದು ಸಣ್ಣದು, ಸಾಧುಪ್ರಾಣಿ. ಇನ್ನೊಂದು ದೊಡ್ಡದು, ರೇಸಿನ ಗಾಡಿಯದು, ವಾಲ್ವುಗಳನ್ನು ಬಹಳ ಹೊತ್ತು ತೆರೆದಿಡುವಂಥದು.

"ಸಣ್ಣದ ಹಾಕಲೇ ಸಿದ್ಯಾ. ಟರ್ಬೊ ಗಾಡಿಗೆ ಇದ ಛಲೋ," ಅಂದ.

"ಸಣ್ಣದು ಸಣ್ಣ ಮಂದಿಗಿ!"

"ಅಲ್ಲೋ, ಮುಂಬಾಗಲ ಹಿತ್ತಲಬಾಗಲ ಎರಡೂ ತಗದಿಟ್ಟು ಫ್ಯಾನ್ ಹಚ್ಚಿದ್ರ ಏನಾಕ್ಕೈತಿ? ಟರ್ಬೊ ನೂಕಿದ ಗಾಳಿ ಸೀದಾ ಸೈಲೆನ್ಸರ್‌ನ್ಯಾಗಿಂದ ಹೊರಗ ಹೊಕ್ಕೈತಿ. ಸಾವಕಾಶ ಹೊಂಟಾಗಂತೂ ಎಂಜಿನ್ ಓಡೂದ ಇಲ್ಲ, ಬಂದ್ ಬೀಳ್ತೈತಿ."

"ನಾ ಸಾವಕಾಶ ಹೋಗಾಂವಲ್ಲ!" ಎಂದು ದೊಡ್ಡದನ್ನೇ ಎತ್ತಿಕೊಂಡೆ. ರಾಣಿ ಬರುವ ರಥಕ್ಕೆ ಸಾಧುಪ್ರಾಣಿಯೇ? ಛೆ!

ಕ್ಯಾಮ್ ಕೂಡಿಸುವುದು ಅಂದರೆ ಸುಮ್ಮನೆ ಬೋಲ್ಟ್ ಬಿಗಿಯುವುದಲ್ಲ. ಎಂಜಿನ್ ಎಷ್ಟು ತಿರುಗಿದಾಗ ಯಾವ ವಾಲ್ವ್ ತೆರೆಯಿತು ಎಂದು ಅಳೆಯಲು ಡಿಗ್ರಿ ಗುರುತು ಹಾಕಿದ ದುಂಡನೆಯ ತಗಡು ಬೇಕು. ಅದು ನನ್ನ ಹತ್ತಿರ ಇರಲಿಲ್ಲ. ಊಟಕ್ಕೆ ಮನೆಗೆ ಬಂದೆ. ಎದುರಿಗೆ ಸುನೀತಾಳ ತಾಟು ಹೊಳೆಯುತ್ತಿತ್ತು.

ಆ ತಾಟಿನ ಕಥೆ ಹೇಳಬೇಕು. ಲಗ್ನದಲ್ಲಿ ಅವಳವ್ವ ಅಂಚಿಗೆ "ಸುನೀತಾ" ಅಂತ ಹೆಸರು ಹಾಕಿಸಿ ಕೊಟ್ಟ ಸ್ಟೀಲಿನ ತಾಟು. ಅವಳು ಹೋದಾಗಿನಿಂದ ನಾನು ಅದರಲ್ಲೇ ಉಣ್ಣುತ್ತಿದ್ದೆ. ಖಾನಾವಳಿಯ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವಿಲ್ಲ, ಬಳೆಯ ಸಪ್ಪಳವಿಲ್ಲ, "ಕೈ ತೊಳಕೊಂಡು ಬರ್ರಿ, ಆ ಗ್ರೀಸ್ ಏನು ಉಪ್ಪಿನಕಾಯೇನು?" ಎನ್ನುವ ಬೈಗುಳವೂ ಇಲ್ಲ. ಮನೆ ಬಣಬಣ. ಆ ಹೆಸರಿನ ಮೇಲೆ ಬೆರಳಾಡಿಸಿದರೆ ಅಷ್ಟೇ ಸಮಾಧಾನ. ನಿಜ ಹೇಳುತ್ತೇನೆ, ಒಮ್ಮೊಮ್ಮೆ ಕಣ್ಣು ತುಂಬಿಬರುತ್ತಿತ್ತು.

ಅದೇ ತಾಟಿನ ನಡುವೆ ಡ್ರಿಲ್ಲಿನಿಂದ ತೂತು ಕೊರೆದೆ!

ಬೇಗ ಕ್ಯಾಮ್ ಕೂಡಿದರೆ ಬೇಗ ಹೆಂಡತಿ ಬರುತ್ತಾಳೆ ಎಂಬುದು ನನ್ನ ಲೆಕ್ಕ. ಕೋನಮಾಪಕ ಇಟ್ಟು ಅಂಚಿನ ಸುತ್ತ ಮೊಳೆಯಿಂದ ಡಿಗ್ರಿ ಗೀಚಿದೆ. ಅವಳ ಹೆಸರಿರುವಲ್ಲಿ ಸೊನ್ನೆ. ತಾಟನ್ನು ಎಂಜಿನ್ನಿನ ಮೂತಿಗೆ ಬಿಗಿದು ತಿರುಗಿಸಿದೆ, ನೋಡಿದೆ, ಬಿಚ್ಚಿದೆ, ಮತ್ತೆ ಬಿಗಿದೆ. ಅಷ್ಟರಲ್ಲಿ ಸುನೀತಾಳ ಫೋನು.

"ಉಂಡ್ರ್ಯಾ?"

"ಹೂಂ, ಉಂಡೆ."

"ಯಾವ ತಾಟಿನ್ಯಾಗ?"

"ನಿನ್ನ ತಾಟು ಕಣ್ಣ ಮುಂದನ ಐತಿ," ಎಂದೆ. ಸುಳ್ಳೇನಲ್ಲ!

"ಪಂಚಮಿ ಮುಗೀತು, ಜೋಕಾಲಿ ಬಿಚ್ಚಿದ್ರು, ಶೇಂಗಾ ಉಂಡಿನೂ ತೀರಾಕ ಬಂದಾವ. ನಾ ಬಸ್ಸಿಗೆ ಬರ್ಲ್ಯಾ?"

"ಬ್ಯಾಡ! ಇನ್ನೊಂದೀಟ ತಡಿ. ಕ್ಯಾಮ್ ಕೂಡಿಸಾಕತ್ತೇನಿ."

"ಆತು ತಗೋರಿ," ಎಂದು ಫೋನಿಟ್ಟಳು. ನನಗೂ ಸಂಕಟವಾಯಿತು. ಆದರೆ ಪ್ರತಿಜ್ಞೆ!

ಕೊನೆಗೂ ಹೊರಟೆ. ಹೆದ್ದಾರಿಯಲ್ಲಿ ಜೀಪು ಹುಲಿ! ಆಕ್ಸಿಲರೇಟರ್ ಒತ್ತಿಯೇ ಇದ್ದರೆ ಗರ್ಜನೆ, ಕಾಲು ಸಡಿಲಿಸಿದರೆ ಕೆಮ್ಮು. ಸ್ಪೀಡ್‌ಬ್ರೇಕರ್ ಬಂದರೆ ಬಂದ್. ಕುರಿಹಿಂಡು ಬಂದರೆ ಬಂದ್. ಮುದ್ದೇಬಿಹಾಳದ ಸಂದಣಿಯಲ್ಲಿ ಎಷ್ಟು ಸಲ ನಿಂತಿತೆಂದರೆ, ಚಹಾದಂಗಡಿಯವನು "ನಿಮ್ಮ ಜೀಪಿಗೂ ಒಂದ ಕಪ್ ಕೊಡ್ಲೇನ್ರಿ?" ಎಂದ. ಮಂಜೂರನ ಮಾತು ನೆನಪಾಯಿತು. ಹಲ್ಲು ಕಚ್ಚಿಕೊಂಡು ಸುನೀತಾಳಿಗೆ ಫೋನ್ ಮಾಡಿದೆ.

"ಬ್ಯಾಗ್ ಹಿಡ್ಕೊಂಡು ಬಾಗಲ್ದಾಗ ನಿಂತಿರು. ನಾ ಜೀಪ್ ನಿಲ್ಲಿಸೂದಿಲ್ಲ. ಓಡಿ ಬಂದು ಹತ್ತು!"

"ರಾಣಿನ್ನ ಹಿಂಗ ಕರ್ಕೊಂಡ ಹೋಗ್ತಾರೇನ್ರಿ?"

ತಂಗಡಗಿಯ ಏರು ಬಂತು. ಎದುರಿಗೆ ಒಂದು ಎಮ್ಮೆ, ನಿಧಾನವಾಗಿ, ಓಣಿ ತನ್ನದೇ ಎನ್ನುವಂತೆ. ಕಾಲು ಸಡಿಲಿಸಿದೆ. ಜೀಪು ಒಮ್ಮೆ ನಡುಗಿ, ಹೋದ ವರ್ಷ ನಿಂತಿದ್ದ ಜಾಗದಲ್ಲೇ ನಿಂತಿತು! ಅತ್ತೆ ರಾಮವ್ವ ಬಾಗಿಲಿಂದಲೇ ಕೂಗಿದರು, "ಸುನೀ, ನಿನ್ನ ಗಂಡ ಬಂದಾನ, ನೂಕು ಹೋಗ!"

ಜೀಪು ಹಿಂದಕ್ಕೆ ಜಾರತೊಡಗಿತು. ಸುನೀತಾ ಓಡಿ ಬಂದಳು. ಚಕ್ರಕ್ಕೆ ಅಡ್ಡ ಇಡಲು ಏನಾದರೂ ಸಿಕ್ಕೀತೆಂದು ಸೀಟಿನ ಕೆಳಗೆ ಕೈ ಹಾಕಿದಳು. ಕೈಗೆ ಬಂದದ್ದು ನಾನು ಪಾನಾಗಳ ಜೊತೆ ತುರುಕಿ ಮರೆತಿದ್ದ ತಾಟು.

ನಾನು ಬ್ರೇಕ್ ಮೇಲೆ ನಿಂತೇಬಿಟ್ಟೆ. ಅವಳು ತೂತಿನಿಂದ ನನ್ನನ್ನು ನೋಡಿದಳು. ಆಮೇಲೆ ಗೀರುಗಳ ಮೇಲೆ ಬೆರಳಾಡಿಸುತ್ತ ಕೇಳಿದಳು, "ನನ್ನ ಹೆಸರಿನ ಮುಂದ ಸೊನ್ನಿ ಯಾಕ?"

"ಅಲ್ಲಿಂದನ ಎಲ್ಲಾ ಶುರು ಆಕ್ಕೈತಿ," ಎಂದೆ. "ನೀ ಇಲ್ದ ಇರಾಕ ಆಗವಲ್ದು ಸುನೀ. ಜಲ್ದಿ ಕರ್ಕೊಂಡ ಹೋಗೂಣು ಅಂತ…"

"ಅಲ್ರಿ, ನನಗ ಜೀಪ ಬೇಕಾಗಿತ್ತೇನು? ದಿನಾ ಸಂಜಿಕ ಬಸ್ಸು ಬಂದಾಗೊಮ್ಮೆ ಬಾಗಲಿಗೆ ಬಂದು ನೋಡ್ತಿದ್ದೆ. ನೀವು ಇಳೀತೀರೇನಂತ."

ಆ ಬಸ್ಸು ದಿನವೂ ಬರುತ್ತಿತ್ತು. ನಾನೊಬ್ಬನೇ ಬಂದಿರಲಿಲ್ಲ.

ಜೀಪನ್ನು ಮಾವನ ಅಂಗಳದಲ್ಲಿ ಬಿಟ್ಟು ಇಬ್ಬರೂ ಬಸ್ಸು ಹತ್ತಿದೆವು. ಅವಳ ತೊಡೆಯ ಮೇಲೆ ಉಂಡಿಯ ಡಬ್ಬಿ, ನನ್ನ ತೊಡೆಯ ಮೇಲೆ ತಾಟು. ಹೊಸದು ಕೊಡಿಸುತ್ತೇನೆ ಎಂದರೆ, "ಬ್ಯಾಡ. ಇದು ಇನ್ನ ನಿಮ್ಮ ತಾಟು, ನಿಮ್ಮದು ನನಗ," ಎಂದಳು.

ಅಂದಿನಿಂದ ನಾನು ಆ ತಾಟಿನಲ್ಲೇ ಉಣ್ಣುತ್ತಿದ್ದೇನೆ. ತೂತಿಗೆ ರೊಟ್ಟಿಯ ಚೂರು ಒತ್ತಿ, ಅನ್ನದ ಕಟ್ಟೆ ಕಟ್ಟಿ ಕೂರುತ್ತೇನೆ. ಸೌಟು ಹಿಡಿದು ನಿಂತ ಸುನೀತಾ ದಿನವೂ ವಿನಯದಿಂದ ಕೇಳುತ್ತಾಳೆ:

"ಮೆಕ್ಯಾನಿಕ್ ಸಾಹೇಬ್ರ, ಸಾರು ಎಷ್ಟು ಡಿಗ್ರಿ ತನಕಾ ಬಿಡ್ಲಿ?"