ಕಾಲುವೆ ದಂಡೆಯ ಒಂಟಿ ಬೂಟು

ಪರದೇಶದಲ್ಲಿ ತಮ್ಮನ್ನು ನೋಡಿದ ಯಾರೊಬ್ಬರೂ “ಇವರು ಯಾವ ಊರಿನವರಪ್ಪಾ?” ಎಂದು ಕೇಳುವಂತಾಗಬಾರದು! ಶ್ರೀನಿವಾಸಪುರದ ಮಾವಿನ ಮಂಡಿ ಗಂಗುಲಪ್ಪನವರು ವಿಮಾನದಲ್ಲೇ ಇಂಥದೊಂದು ಭೀಷಣ ಪ್ರತಿಜ್ಞೆ ಮಾಡಿದ್ದರು. ಪ್ರತಿಜ್ಞೆ ಅವರದು, ಪಾಲಿಸುವ ಹೊಣೆಯೆಲ್ಲ ಹೆಂಡತಿ ಆದಿಲಕ್ಷ್ಮಮ್ಮನವರದು.

“ಜೋರಾಗಿ ಮಾತಾಡ್ಬೇಡ. ಬೀದೀಲಿ ನಿಪ್ಪಟ್ಟು ತೆಗೀಬೇಡ. ಅಂಗಡೀಲಿ ಚೌಕಾಸಿ ಮಾಡ್ಬೇಡ. ಒಟ್ನಲ್ಲಿ ನನ್ನ ಮಾನ ಕಳೀಬೇಡ ಕಣೇ!”

“ಉಸಿರಾಡ್ಬೋದಾ ರೀ?”

ಪಾಪ, ಆಕೆಗೆ ಬೇಕಿದ್ದದ್ದು ಒಂದೇ. ಬೆಲ್ಜಿಯಂನ ಯಾವುದೋ ಹಳೇ ಊರಿನಲ್ಲಿ ಮನೆಗಳ ನಡುವೆಯೇ ಕಾಲುವೆ ಹರಿಯುತ್ತದಂತೆ, ಅದರಲ್ಲಿ ದೋಣಿ ಹೋಗುತ್ತದಂತೆ. ಕೋಲಾರ ಸೀಮೆಯಲ್ಲಿ ಹುಟ್ಟಿ ಬೆಳೆದ ಆಕೆ ಜನ್ಮದಲ್ಲಿ ದೋಣಿ ಹತ್ತಿದವರಲ್ಲ. “ನಂಗೆ ಸೆಂಟೂ ಬೇಡ, ಸ್ವೆಟರೂ ಬೇಡ. ಆ ದೋಣೀಲಿ ಒಂದ್ಸಲ ಕೂರ್ಸಿ, ಸಾಕು” ಎಂದು ಹೊರಡುವ ಮೊದಲೇ ಕರಾರು ಮಾಡಿಕೊಂಡಿದ್ದರು.

ಆ ಊರೂ ಬಂತು. ಅದರ ಹೆಸರು ಗಂಗುಲಪ್ಪನವರ ಬಾಯಲ್ಲಿ ಹೊತ್ತಿಗೊಂದು ರೂಪ ತಾಳುತ್ತಿದ್ದುದರಿಂದ ಇಲ್ಲಿ ಬರೆಯುವುದಿಲ್ಲ. ಟೂರಿನ ಉಸ್ತುವಾರಿ ಹೊತ್ತ ಮುಳಬಾಗಿಲಿನ ಶಾನವಾಜ್ ಎಲ್ಲರನ್ನೂ ಬಸ್ಸಿನಿಂದ ಇಳಿಸಿ, “ಮೊದ್ಲು ದೊಡ್ಡ ಚರ್ಚು, ಆಮೇಲೆ ದೋಣಿ, ಆಮೇಲೆ ಸೀದಾ ಬಸ್ಸು. ಲೇಟ್ ಮಾಡ್ಬೇಡಿ ಸಾರ್” ಎಂದ.

ಚರ್ಚೋ, ಕತ್ತೆತ್ತಿ ನೋಡಿದರೆ ಕತ್ತು ವಾಪಸ್ಸು ಬರುವುದೇ ಕಷ್ಟ ಎನ್ನುವಷ್ಟು ಎತ್ತರ! ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ನಡೆದರು. ಗಂಗುಲಪ್ಪನವರ ಕಾಲು ಮಾತ್ರ ಹೊಸ್ತಿಲಲ್ಲಿ ಗಕ್ಕನೆ ನಿಂತಿತು. ದೇವರ ಮನೆಗೆ ಬೂಟುಗಾಲಲ್ಲಿ ಹೋಗುವುದೇ? ಯಾವ ದೇವರಾದರೇನು! ಹೆಂಡತಿ ಒಳಗೆ ಹೋಗುವವರೆಗೆ ಕಾದು ಮೆಲ್ಲನೆ ಬೂಟು ಕಳಚಿದರು.

ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಿಂದೊಮ್ಮೆ ಆವನಿಯ ದೇವಸ್ಥಾನದ ಮುಂದೆ ಹೊಸ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಸ್ಸು ಹತ್ತಿದ ದಿನದಿಂದ ಅವರು ಜೋಡಿಯನ್ನು ಒಂದೇ ಕಡೆ ಬಿಟ್ಟವರಲ್ಲ. ಜೋಡಿ ಸಿಕ್ಕಿದರೆ ಕಳ್ಳ ಒಯ್ಯುತ್ತಾನೆ, ಒಂಟಿಯನ್ನು ಯಾರು ಮುಟ್ಟುತ್ತಾರೆ? ಎಡಗಾಲಿನದನ್ನು ಚರ್ಚಿನ ಕಂಬದ ಹಿಂದೆ ಇಟ್ಟರು. ಬಲಗಾಲಿನದನ್ನು ರಸ್ತೆಯಾಚೆ, ಕಾಲುವೆಯ ದಂಡೆಯ ಕಲ್ಲಿನ ಮೇಲಿಟ್ಟು ಬಂದರು.

ಒಳಗೆ ಆದಿಲಕ್ಷ್ಮಮ್ಮ ಅವರ ಕಾಲು ನೋಡಿದರು. “ಬೂಟೆಲ್ರೀ?”

“ಭದ್ರವಾಗಿಟ್ಟಿದ್ದೀನಿ. ನೀನು ಮೆಲ್ಲಗೆ ಮಾತಾಡು!”

ಕಾಲುಚೀಲದ ತೂತಿನಿಂದ ಹೆಬ್ಬೆರಳು ಬಂದವರಿಗೆಲ್ಲ ದರ್ಶನ ಕೊಡುತ್ತಿತ್ತು.

ಹೊರಗೆ ಬಂದಾಗ ಎಡಗಾಲಿನ ಬೂಟು ಇಟ್ಟಲ್ಲೇ ಇತ್ತು. ಗೆದ್ದೆ ಎಂದುಕೊಂಡು ಅದನ್ನೆತ್ತಿಕೊಂಡು ಕಾಲುವೆಯ ಕಡೆ ನೋಡಿದರೆ, ಜನವೋ ಜನ! ಪೊಲೀಸರು ಪಟ್ಟಿ ಕಟ್ಟಿ ದಾರಿ ಅಡ್ಡಗಟ್ಟಿದ್ದಾರೆ. ಇಬ್ಬರು ರಬ್ಬರ್ ದೋಣಿಯಲ್ಲಿ ನಿಂತು ಉದ್ದನೆಯ ಗಳುವಿನಿಂದ ನೀರು ಕೆದಕುತ್ತಿದ್ದಾರೆ. ಇಷ್ಟಕ್ಕೆಲ್ಲ ಕಾರಣವಾದ ಬಲಗಾಲಿನ ಬೂಟು ಕಲ್ಲಿನ ಮೇಲೆ ಏನೂ ಅರಿಯದಂತೆ ಕೂತಿದೆ.

ಶಾನವಾಜ್ ಓಡಿ ಬಂದ. “ಯಾರೋ ನೀರಿಗೆ ಬಿದ್ಬಿಟ್ಟಿದ್ದಾರಂತೆ ಸಾರ್! ಬರೀ ಒಂದು ಬೂಟು ಸಿಕ್ಕಿದೆ. ಆಳು ಸಿಗೋ ತನಕ ದೋಣಿ ಬಂದ್. ನಮ್ದು ಬಸ್ಸು ಕಾಯಲ್ಲ.”

ಗಂಗುಲಪ್ಪನವರು ಕೈಯಲ್ಲಿದ್ದ ಬೂಟನ್ನು ಥಟ್ಟನೆ ಸ್ವೆಟರಿನೊಳಗೆ ತುರುಕಿಕೊಂಡರು. ಹೇಳಿದರೆ ತಮ್ಮ ಮಾನ ಹೋಗುತ್ತದೆ, ಹೇಳದಿದ್ದರೆ ಹೆಂಡತಿಯ ದೋಣಿ ಹೋಗುತ್ತದೆ. ನಾಚಿಕೆಗೇಡು, ಅವರು ಆರಿಸಿಕೊಂಡದ್ದು ಮಾನವನ್ನೇ! “ಹೋಗ್ಲಿ ಬಿಡೇ, ದೋಣಿ ಏನ್ ಮಹಾ” ಎಂದುಬಿಟ್ಟರು.

ಆದಿಲಕ್ಷ್ಮಮ್ಮ ನೀರಿನ ಕಡೆ ತಿರುಗಿ ಕೈಮುಗಿದು ನಿಂತಿದ್ದರು. ಕಣ್ಣು ತುಂಬಿತ್ತು. “ಹೌದು ರೀ, ಇಂಥ ಹೊತ್ನಲ್ಲಿ ದೋಣಿ ಯಾರಿಗೆ ಬೇಕು? ಯಾರ ಮನೆಯೋರೋ ಪಾಪ. ಅವ್ರ ಹೆಂಡ್ತಿ ಎಲ್ಲಿ ಕಾಯ್ತಾ ಕೂತಿದ್ದಾಳೋ!”

ಭೂಮಿ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸಿತು ಗಂಗುಲಪ್ಪನವರಿಗೆ.

“ಲೇ... ಅವನ ಹೆಂಡ್ತಿ ಇಲ್ಲೇ ಇದ್ದಾಳೆ ಕಣೇ.”

“ಯಾರ್ರೀ?”

“ನೀನೇ” ಎಂದು ಸ್ವೆಟರಿನೊಳಗಿಂದ ಬೂಟು ಹೊರತೆಗೆದರು.

ಆಕೆ ಈ ಬೂಟು ನೋಡಿದರು, ಆ ಬೂಟು ನೋಡಿದರು. “ಅಯ್ಯೋ ದೇವುಡಾ!” ಎಂಬ ಕೂಗು ಕಾಲುವೆಯ ಆಚೆ ದಡದವರೆಗೂ ಕೇಳಿತು. ಮೆಲ್ಲಗೆ ಮಾತಾಡು ಎನ್ನಲು ಗಂಗುಲಪ್ಪನವರಿಗೆ ಬಾಯಿ ಎಲ್ಲಿತ್ತು?

ಅಷ್ಟು ಜನರ ನಡುವೆ ಎಡಗಾಲಿನ ಬೂಟು ಹಿಡಿದು, ಕಾಲುಚೀಲದಲ್ಲಿ ನಡೆದು, ತಲೆತಗ್ಗಿಸಿ ಪೊಲೀಸಿನವನ ಮುಂದೆ ನಿಂತರು. ಶಾನವಾಜ್ ಇಂಗ್ಲಿಷಿನಲ್ಲಿ ವಿವರಿಸಿ ಇತ್ತ ತಿರುಗಿದ. “ಯಾಕೆ ಬಿಚ್ಚಿದ್ರಿ ಅಂತ ಅರ್ಥ ಆಯ್ತಂತೆ ಸಾರ್. ಎರಡು ಕಡೆ ಯಾಕಿಟ್ರಿ ಅಂತ ಕೇಳ್ತಿದ್ದಾರೆ.”

“ಕಳ್ಳರ ಭಯ ಅಂತ ಹೇಳಪ್ಪಾ.”

“ಪೊಲೀಸ್ನೋರ ಹತ್ರಾನೇ ನಿಮ್ಮೂರಲ್ಲಿ ಕಳ್ಳರವ್ರೆ ಅಂತ ಹೇಳ್ಲಾ ಸಾರ್?”

ಗಂಗುಲಪ್ಪನವರು ಬೇಡ ಬೇಡವೆಂದು ಎರಡೂ ಕೈ ಆಡಿಸಿದರು. ಪೊಲೀಸಿನವನು ನಗು ತಡೆದುಕೊಂಡು ಕೊನೆಯದಾಗಿ ಕೇಳಿದ್ದು ಒಂದೇ ಪ್ರಶ್ನೆ: ಯಾವ ಊರು? ಗಂಗುಲಪ್ಪನವರು ಹೇಳಿದರು. ಅವನು ಮತ್ತೆ ಮತ್ತೆ ಹೇಳಿಸಿ, “ಶ್ರೀನಿವಾಸಪುರ!” ಎಂದು ಬಾಯಿತುಂಬ ಕಲಿತುಕೊಂಡ.

ದೋಣಿಗಳಿಗೆ ಮತ್ತೆ ಅಪ್ಪಣೆ ಸಿಕ್ಕಿತು. ಆದಿಲಕ್ಷ್ಮಮ್ಮ ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತು, ನಿಪ್ಪಟ್ಟಿನ ಡಬ್ಬಿ ತೆರೆದು, ದೋಣಿಯವನಿಗೂ ಒಂದು ಕೊಟ್ಟರು. ಗಂಗುಲಪ್ಪನವರು ಎರಡೂ ಬೂಟು ಹಾಕಿಕೊಂಡು ದೋಣಿ ಹತ್ತಲು ದಂಡೆಯ ಅಂಚಿಗೆ ಬಂದರು. ಕೆಳಗೆ ನೀರು ಕಂಡಿತು. ನೀರೆಂದರೆ ಗಂಗಮ್ಮನಲ್ಲವೇ? ಅವರಿಗೇ ಗೊತ್ತಿಲ್ಲದಂತೆ ಸೊಂಟ ಬಗ್ಗಿತು, ಕೈ ಬೂಟಿನ ಲೇಸಿಗೆ ಹೋಯಿತು.

“ನೋ!” ದೋಣಿಯವನು, ಪೊಲೀಸಿನವನು, ಶಾನವಾಜ್, ದಂಡೆಯ ಮೇಲಿದ್ದ ಜನ, ಎಲ್ಲರೂ ಒಟ್ಟಿಗೆ ಕೂಗಿದರು.

“ಹಾಕ್ಕೊಂಡೇ ಬನ್ನಿ ರೀ,” ಎಂದರು ಆದಿಲಕ್ಷ್ಮಮ್ಮ ನಿಪ್ಪಟ್ಟು ಮುರಿಯುತ್ತಾ, “ಪಾಪ, ಆ ಪೊಲೀಸ್ನೋರೂ ಮನೆಗೆ ಹೋಗ್ಬೇಕು!”