ಭಾವನ ಕೆಮ್ಮದ ಕಾರು

ನಮ್ಮ ಭಾವ ತಮ್ಮ ಹಲ್ಲುನೋವಿಗೆ ಮೂರು ತಿಂಗಳು ಲವಂಗ ಕಚ್ಚಿಕೊಂಡೇ ಕಾಲ ತಳ್ಳಿದವರು. ಆದರೆ ಕಾರಿನ ಬೆಲ್ಟು ಒಂದು ಸಲ ‘ಕೀ’ ಅಂದರೆ ಸಾಕು, ಆಫೀಸಿಗೆ ಅರ್ಧ ದಿನ ರಜೆ ಹಾಕುವ ಮಹಾನುಭಾವರು! ಇಂಥವರ ಕಾರು ಒಮ್ಮೆಯಾದರೂ ನಡುರಸ್ತೆಯಲ್ಲಿ ಕೆಟ್ಟು ನಿಲ್ಲಲಿ, ಬಾನೆಟ್ಟಿನಿಂದ ಬುಸಬುಸ ಹಬೆ ಬರಲಿ, ಆಗ ನಾನು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹಾದುಹೋಗುವಂತಾಗಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದುಂಟು. ಪಾಪ ತಟ್ಟೀತೇ? ತಟ್ಟಲಿ. ಹೊಟ್ಟೆಕಿಚ್ಚು ಪಡುವವನಿಗೆ ಅದೆಲ್ಲ ಆಮೇಲಿನ ಮಾತು.

ಇದು ತೊಂಬತ್ತರ ದಶಕದ ದೋಹಾದ ಕತೆ. ಅಕ್ಕ ಮತ್ತು ಭಾವ ಎರಡನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ. ಅದೇ ಕಟ್ಟಡದ ಕೆಳಗಿನ ಒಂದು ಕೋಣೆಯಲ್ಲಿ ನಾನು. ನನ್ನ ಹೆಂಡತಿ ಮತ್ತು ಪುಟ್ಟ ಮಗಳು ಉಡುಪಿ ಕಡೆಯ ಊರಿನಲ್ಲಿ, ನನಗೆ ಫ್ಯಾಮಿಲಿ ವೀಸಾ ಸಿಗುವುದನ್ನೇ ಕಾಯುತ್ತಿದ್ದರು. ಭಾವನದು ಜಪಾನಿನ ಬಿಳಿ ಸೆಡಾನ್. ಹೊಸತೇನಲ್ಲ, ಇಬ್ಬರ ಕೈ ದಾಟಿ ಬಂದದ್ದು. ಆದರೆ ಭಾವನ ಕೈಗೆ ಸಿಕ್ಕ ಮೇಲೆ ಅದು ಕೆಮ್ಮಲಿಲ್ಲ, ಕುಂಟಲಿಲ್ಲ, ಒಂದು ದಿನವಾದರೂ ಸ್ಟಾರ್ಟ್ ಆಗುವುದಿಲ್ಲ ಎಂದು ಹಟ ಹಿಡಿಯಲಿಲ್ಲ. ಮನುಷ್ಯರಿಗೇ ಇಲ್ಲದ ಆರೋಗ್ಯ ಒಂದು ಗಾಡಿಗೆ ಯಾಕೆ ಬೇಕು, ನೀವೇ ಹೇಳಿ!

ಆಗ ನಾನು ಆಫೀಸಿಗೆ ಅವರ ಕಾರಿನಲ್ಲೇ ಹೋಗುತ್ತಿದ್ದೆ. ಹೋಗುವುದೆಂದರೆ ಬಾಗಿಲು ತೆಗೆದು ಕೂತು ಹೊರಡುವುದೆಂದು ತಿಳಿಯಬೇಡಿ. ಮೊದಲು ಭಾವ ಕಾರಿಗೆ ಒಂದು ಸುತ್ತು ಬರಬೇಕು. ಬಗ್ಗಿ ಅಡಿಯನ್ನು ನೋಡಬೇಕು. ನೆಲದ ಮೇಲೆ ಒಂದು ಹನಿ ಕಂಡರೆ ಬೆರಳಿಗೆ ಹಚ್ಚಿ ಮೂಸಬೇಕು. “ಇದು ಎಸಿಯ ನೀರು,” ಎಂದು ಮುಖ ಅರಳಿಸುವರು. ಎಣ್ಣೆಯ ವಾಸನೆ ಬಂದರೆ, “ಇದು ಪಕ್ಕದವನ ಗಾಡಿಯದ್ದು. ಪಾಪ, ಗ್ಯಾಸ್ಕೆಟ್ ಹೋಗಿದೆ, ಅವನಿಗೆ ಗೊತ್ತೇ ಇಲ್ಲ,” ಎಂದು ಮರುಗುವರು. ಆಮೇಲೆ ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿ ಎಳೆದು, ಹಳೆ ಬನಿಯನ್ನಿನ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿಯಬೇಕು. ಬನಿಯನ್ ಹಳೆಯದೇ ಆಗಬೇಕೆಂಬ ನಿಯಮ ಕ್ರಮೇಣ ಸಡಿಲವಾಗಿ, ಅಕ್ಕ ಒಣಗಹಾಕಿದ ಬಟ್ಟೆಗೆ ಕಾವಲು ಕೂರುವಂತಾಯಿತು. ಅಷ್ಟು ಹೊತ್ತೂ ನಾನು ಟೈ ಕಟ್ಟಿಕೊಂಡು ಬಿಸಿಲಲ್ಲಿ ಬೇಯುತ್ತಿರಬೇಕು! ಕೊನೆಗೂ ಒಳಗೆ ಕೂತು ಬಾಗಿಲು ಎಳೆದರೆ, “ಮೆಲ್ಲ ಹಾಕು ಮಾರಾಯ! ಮನೆಯಲ್ಲಿ ಫ್ರಿಜ್ಜಿಗೂ ಹೀಗೇ ಹೊಡೆಯುವುದಾ ನೀನು?” ಎಂಬ ಬೈಗುಳ.

ನನ್ನ ಪ್ರಾರ್ಥನೆ ಒಂದೇ ಒಂದು ಸಲ ಅರ್ಧದಷ್ಟು ಫಲಿಸಿತು. ಜುಲೈ ತಿಂಗಳ ಒಂದು ಸಂಜೆ ಅಲ್ ವಕ್ರಾದಲ್ಲಿ ಪರಿಚಯದವರ ಮಗುವಿನ ಹುಟ್ಟುಹಬ್ಬ. ಅಕ್ಕ ರೇಷ್ಮೆ ಸೀರೆಯಲ್ಲಿ, ನಾನು ಹೊಸ ಶರ್ಟಿನಲ್ಲಿ. ಅರ್ಧ ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು, ಟೆಂಪರೇಚರಿನ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ನನಗೆ ಹಾಲು ಕುಡಿದಷ್ಟು ಸಂತೋಷ! ಭಾವ ಎಸಿ ಆರಿಸಿ, ನಾಲ್ಕೂ ಗಾಜು ಇಳಿಸಿ, ಹೀಟರ್ ಹಾಕಿದರು. ಹೌದು ಸ್ವಾಮಿ, ಕತಾರಿನ ಜುಲೈಯಲ್ಲಿ ಹೀಟರ್!

“ಎಂತ ಮಾಡ್ತಿದ್ದೀರಿ? ಇಲ್ಲಿ ಮನುಷ್ಯರು ಕೂತಿದ್ದೇವೆ!” ಎಂದು ಅಕ್ಕ ಕೂಗಿದಳು.

“ಇಂಜಿನ್ನಿನ ಬಿಸಿ ಎಲ್ಲಿಗಾದ್ರೂ ಹೋಗ್ಬೇಕಲ್ಲ? ಸ್ವಲ್ಪ ನಮ್ಮ ಕಡೆ ಬರ್ಲಿ,” ಎಂದರು ಭಾವ.

ಬಂತು. ಧಾರಾಳವಾಗಿ ಬಂತು. ಮುಳ್ಳು ಇಳಿಯಿತು, ಅಕ್ಕನ ಪೌಡರೂ ಇಳಿಯಿತು. ಬಾಗಿಲು ತೆಗೆದ ಮನೆಯಾಕೆ, “ಸಮುದ್ರಕ್ಕೆ ಇಳಿದು ಬಂದ್ರಾ?” ಎಂದು ಕೇಳಿದರು. ಮರುದಿನ ಭಾವ ತಾವೇ ಬಿಚ್ಚಿ ನೋಡಿ, ಅಂಟಿಕೊಂಡಿದ್ದ ಥರ್ಮೋಸ್ಟಾಟ್ ಬದಲಾಯಿಸಿದರು. ಬೇಯಿಸಿಕೊಂಡ ಅಕ್ಕನಿಗೆ ಸಿಟ್ಟು ಇರಬೇಕೋ ಬೇಡವೋ? ಅವಳು ಫೋನಿನಲ್ಲಿ ಎಲ್ಲರಿಗೂ, “ನಮ್ಮವರಿಗೆ ಗ್ಯಾರೇಜೇ ಬೇಡ. ನನ್ನ ತಮ್ಮ ಇದ್ದಾನೆ, ಒಂದು ಬಲ್ಬು ಹಾಕ್ಲಿಕ್ಕೆ ಬರುದಿಲ್ಲ,” ಎಂದು ಹೊಗಳಿದ್ದೇ ಹೊಗಳಿದ್ದು. ಚಿಕ್ಕಂದಿನಲ್ಲಿ ನನಗೆಂದು ಮಾವಿನ ಹಣ್ಣು ಬಚ್ಚಿಡುತ್ತಿದ್ದ ಅಕ್ಕ ಇವಳೇ! ಅವಳನ್ನೂ ಆ ಕಾರೇ ಹಾಳು ಮಾಡಿತು.

ಇನ್ನು ನನ್ನ ಮರ್ಯಾದೆಯ ವಿಷಯಕ್ಕೆ ಬರುತ್ತೇನೆ. ಗಲ್ಫಿಗೆ ಬಂದವನು ಕಾರಿಗೆ ಒರಗಿ ನಿಂತು ಫೋಟೋ ತೆಗೆಸಿ ಊರಿಗೆ ಕಳಿಸುವುದು ಆಗಿನ ಕ್ರಮ. ಕಾರು ಯಾರದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಭಾವನ ಕಾರಿನ ಪಕ್ಕ ನಿಂತೆ. “ಒರಗಬೇಡ, ಬೆಲ್ಟಿನ ಬಕ್ಕಲ್ ತಾಗಿ ಪೈಂಟ್ ಕೆರೀತದೆ,” ಎಂದರು ಭಾವ. ಹೀಗಾಗಿ ಕಾರಿಗೆ ತಾಗದೆ, ತಾಗಿದಂತೆ ಕಾಣುವ ಹಾಗೆ ಸೊಂಟ ಓರೆ ಮಾಡಿ ನಿಂತು, ನಗುವ ಹೊತ್ತಿಗೆ ಕಾಲು ನಡುಗುತ್ತಿತ್ತು. ಫೋಟೋದ ಹಿಂದೆ ‘ನನ್ನ ಕಾರು’ ಎಂದು ಬರೆದು ಹೆಂಡತಿಗೆ ಕಳಿಸಿಬಿಟ್ಟೆ. ಬರೆಯುವಾಗ ಎರಡೇ ಪದ. ಅದು ಮುಂದೆ ನನ್ನ ನಿದ್ದೆ ಕೆಡಿಸಿತು.

ಸುಳ್ಳನ್ನು ಅರ್ಧವಾದರೂ ನಿಜ ಮಾಡೋಣವೆಂದು ನಾನೂ ಒಂದು ಕಾರು ಕೊಂಡೆ. ಊರಿಗೆ ಹೊರಟಿದ್ದವರೊಬ್ಬರ ಕೆಂಪು ಸೆಡಾನ್. ಮೇಲ್ಛಾವಣಿಯಲ್ಲಿ ಕಿಟಕಿ, ನಾಲ್ಕು ಸ್ಪೀಕರಿನ ಕ್ಯಾಸೆಟ್ ಪ್ಲೇಯರ್! ಭಾವನ ಬಿಳಿಯದಕ್ಕೆ ಇದೆಲ್ಲ ಎಲ್ಲಿತ್ತು? ಭಾವ ಬಂದು ನೋಡಿದರು. ಸ್ಪೀಕರ್ ಕಡೆ ತಿರುಗಿಯೂ ನೋಡದೆ, ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಇಣುಕಿದರು.

“ಇದರಲ್ಲಿ ಚಾ ಮಾಡಿದ್ದಾರಾ ಮಾರಾಯ? ಪೂರಾ ತುಕ್ಕು. ಕೂಲೆಂಟ್ ಬದಲಿಸು, ಈ ಹೋಸ್ ಪೈಪೂ ಉಬ್ಬಿದೆ, ನಾಳೆಯೇ ತೆಗೆಸು,” ಎಂದರು.

“ನಿಮಗೆ ಹೊಟ್ಟೆಕಿಚ್ಚು ಭಾವ!” ಎಂದೆ. ಯಾರು ಯಾರಿಗೆ ಹೇಳಿದ್ದು ನೋಡಿ!

ಹೋಸ್ ಪೈಪ್ ನಾನು ತೆಗೆಸಲಿಲ್ಲ. ಭಾವ ಹೇಳಿದರೆಂಬ ಒಂದೇ ಕಾರಣಕ್ಕೆ ತೆಗೆಸಲಿಲ್ಲ. ನನ್ನ ಕೆಂಪು ಕಾರಿನ ಬ್ಯಾಟರಿ ಬೇಸಿಗೆ ಶುರುವಾಗುವ ಮೊದಲೇ ಪ್ರಾಣ ಬಿಟ್ಟಿತು. ಉಮ್ಮ್ ಸಲಾಲಿನ ದಾರಿಯಲ್ಲಿ ಧೂಳಿನ ಗಾಳಿ ಎದ್ದ ದಿನವೇ ಬಾಗಿಲಿನ ಕಿಟಕಿಯ ಗಾಜು ಕೆಳಗಿಳಿದು ಅಲ್ಲೇ ಕೂತಿತು. ಮನೆಗೆ ಬಂದಾಗ ನನ್ನ ಹುಬ್ಬು ಯಾವುದು, ಮರಳು ಯಾವುದು ತಿಳಿಯುವಂತಿರಲಿಲ್ಲ. ವರ್ಷಕ್ಕೊಮ್ಮೆ ಆಗಬೇಕಾದ ಗಾಡಿಯ ತಪಾಸಣೆಗೆ ಇಬ್ಬರೂ ಒಟ್ಟಿಗೆ ಹೋದೆವು. ಭಾವನ ಕಾರನ್ನು ನೋಡಿದ ಇನ್ಸ್‌ಪೆಕ್ಟರ್, “ಯಲ್ಲಾ, ಖಲಾಸ್,” ಅಂದರೆ ಮುಗೀತು, ಹೊರಡಿ ಎಂದು ಚಾ ಮುಗಿಯುವ ಮೊದಲೇ ಕಳಿಸಿದ. ನನ್ನದರ ಹೊಗೆ, ಬ್ರೇಕಿನ ಕಿರುಚಾಟ, ಸವೆದ ಟಯರು ಎಲ್ಲ ನೋಡಿ, ಕಾರನ್ನು ಬಿಟ್ಟು ನನ್ನನ್ನೇ ಕನಿಕರದಿಂದ ನೋಡಿದ.

ಇಷ್ಟರಲ್ಲಿ ವೀಸಾ ಬಂತು! ಜೊತೆಗೆ ಹೆಂಡತಿಯಿಂದ ಅಕ್ಕನಿಗೊಂದು ಕಾಗದವೂ ಬಂತು. ಊಟದ ಹೊತ್ತಿಗೆ ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು: ‘ಇವರ ಬಿಳಿ ಕಾರಿನ ಫೋಟೋ ಊರಿಗೆಲ್ಲ ತೋರಿಸಿದ್ದೇನೆ. ಮಗುವಿಗೆ ಅಪ್ಪನ ಮುಖಕ್ಕಿಂತ ಆ ಕಾರೇ ಹೆಚ್ಚು ಪರಿಚಯ.’ ಅಕ್ಕ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾಲ್ಕು ವರ್ಷ ಒಂಟಿಯಾಗಿ ಕಾದ ಹೆಂಡತಿಯ ಎದುರು, ವಿಮಾನ ಇಳಿದ ಮೊದಲ ಗಳಿಗೆಯಲ್ಲೇ ನಾನು ಸುಳ್ಳುಗಾರ ಎಂದಾಗುವುದು ಖಂಡಿತ. ಭಾವ ಕೈ ತೊಳೆದು, “ಟಯರಿಗೆ ಗಾಳಿ ನೋಡಿ ಬರ್ತೇನೆ,” ಎಂದು ಕೆಳಗಿಳಿದು ಹೋದರು. ಒಳಗೊಳಗೇ ನಗುತ್ತಿದ್ದಾರೆ ಎಂದುಕೊಂಡು ನಾನು ಉರಿದುಹೋದೆ.

ಬಿಳಿಯದನ್ನು ಮಾರಿ ಕೆಂಪು ಕೊಂಡೆ ಎಂದುಬಿಡೋಣ ಅಂತ ಲೆಕ್ಕ ಹಾಕಿದ್ದೆ. ಅವರು ಬರುವ ದಿನ ಮಧ್ಯಾಹ್ನ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಸೆಂಟು ಹೊಡೆದು ಕೆಂಪು ಕಾರು ಸ್ಟಾರ್ಟ್ ಮಾಡಿದೆ. ಕಟ್ಟಡದ ಗೇಟು ದಾಟುವಷ್ಟರಲ್ಲಿ ‘ಟಪ್’ ಎಂದಿತು. ಉಬ್ಬಿದ್ದ ಹೋಸ್ ಪೈಪ್ ಒಡೆದು, ತುಕ್ಕುನೀರೆಲ್ಲ ರಸ್ತೆಯ ಪಾಲಾಯಿತು. ವಿಮಾನ ಇಳಿಯಲು ಇನ್ನು ಮುಕ್ಕಾಲು ಗಂಟೆ.

ಭಾವ ಮೆಟ್ಟಿಲಿಳಿದು ಬಂದರು. ನಾನು ಹೇಳಿರಲಿಲ್ಲವಾ ಎಂದು ಅನ್ನಲಿಲ್ಲ. ಹಬೆಯನ್ನು ನೋಡಿದರು, ವಾಚು ನೋಡಿದರು, ಜೇಬಿನಿಂದ ತಮ್ಮ ಕೀ ತೆಗೆದು ನನ್ನ ಕೈಯಲ್ಲಿಟ್ಟರು.

“ಗಾಡಿ ನೀವೇ ಬಿಡಿ ಭಾವ,” ಎಂದೆ. ಅಕ್ಕನಿಗೂ ಮುಟ್ಟಲು ಬಿಡದ ಸ್ಟಿಯರಿಂಗ್ ಅದು.

“ನನಗೆ ಯಾಕೋ ಬೆನ್ನು ಹಿಡ್ಕೊಂಡಿದೆ. ನೀನೇ ಬಿಡು,” ಎಂದು ಹಿಂದಿನ ಸೀಟಿನಲ್ಲಿ ಹೋಗಿ ಕೂತರು.

ಏರ್‌ಪೋರ್ಟಿನಲ್ಲಿ ಮಗಳು ನನ್ನನ್ನು ಕಂಡು ತಾಯಿಯ ಸೆರಗಿನ ಹಿಂದೆ ಅಡಗಿದಳು. ಕಾರಿನ ಹತ್ತಿರ ಬಂದಾಗ ಮಾತ್ರ, “ಅಪ್ಪನ ಕಾರು!” ಎಂದು ಕೂಗಿ, ಬಿಸ್ಕತ್ತು ಮೆತ್ತಿದ ಎರಡೂ ಕೈಯನ್ನು ಬಾಗಿಲಿಗೆ ಒತ್ತಿದಳು. ನಾನು ಒರೆಸಲು ಕರವಸ್ತ್ರಕ್ಕೆ ಕೈ ಹಾಕಿದೆ. ಭಾವ ಅತ್ತ ನೋಡಲೇ ಇಲ್ಲ. ಡಿಕ್ಕಿ ತುಂಬಿ ಉಳಿದ, ತೆಂಗಿನೆಣ್ಣೆ ಜಿನುಗುತ್ತಿದ್ದ ರಟ್ಟಿನ ಪೆಟ್ಟಿಗೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂತು, ಸೀಟನ್ನು, ಡ್ಯಾಶ್‌ಬೋರ್ಡನ್ನು ಸವರಿ ನೋಡಿದಳು. “ಎಷ್ಟು ಚಂದ ಇಟ್ಕೊಂಡಿದ್ದೀರಿ!” ಎಂದಳು ನನಗೆ. ನಾನು ಕೀ ತಿರುಗಿಸಿ ಗಾಡಿ ಹೊರಡಿಸಿದೆ.

ಅವಳು ಹಿಂದೆ ತಿರುಗಿ ಕೇಳಿದಳು: “ಅಣ್ಣಾ, ನಿಮ್ಮ ಕಾರು ಯಾವ್ದು?”

ನಾನು ಕನ್ನಡಿಯಲ್ಲಿ ಭಾವನ ಮುಖ ನೋಡಿದೆ.

“ನನ್ನದು ಕೆಂಪು, ತಂಗಿ,” ಎಂದರು ಭಾವ. “ಮನೆ ಹತ್ರ ಕೆಟ್ಟು ನಿಂತಿದೆ, ಹೋದಾಗ ಕಾಣ್ತದೆ. ಎಂತ ಮಾಡುದು, ನನಗೆ ಗಾಡಿ ನೋಡಿಕೊಳ್ಳಲಿಕ್ಕೆ ಬರುದಿಲ್ಲ. ನಿನ್ನ ಗಂಡ ಎಷ್ಟು ಸಲ ಹೇಳಿದ, ಆ ಪೈಪ್ ಬದಲಿಸಿ ಭಾವ ಅಂತ. ನಾನು ಕೇಳಲಿಲ್ಲ.”

ಹೆಂಡತಿ ಕಿಲಕಿಲ ನಕ್ಕಳು. ನನ್ನ ಕಣ್ಣು ತುಂಬಿ ಎದುರಿನ ರಸ್ತೆ ಕಾಣದಾಯಿತು. ಅಷ್ಟು ವರ್ಷ ಆ ಮನುಷ್ಯನ ಕಾರಿನ ಮೇಲೆ ಕಣ್ಣು ಹಾಕಿದ್ದ ನಾನು, ಆ ಮನುಷ್ಯನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅಲ್ಲೇ ಕಾರು ನಿಲ್ಲಿಸಿ ಕಾಲು ಹಿಡಿಯಬೇಕೆನಿಸಿತು. ಆ ಗಡಿಬಿಡಿಯಲ್ಲಿ ಗೇರ್ ತಪ್ಪಿ ಬಿತ್ತು. ಇಡೀ ಗಾಡಿ ‘ಗರ್ರ್’ ಎಂದು ಕಿರುಚಿ ಕುಲುಕಾಡಿತು. ಹಿಂದಿನ ಸೀಟಿನಿಂದ ಒಂದೇ ಒಂದು ಮಾತೂ ಬರಲಿಲ್ಲ.