ಸಿಡಿಲುಗೈ ತೀರಿಕೊಂಡ ವಾರ

ಸೂಪರ್‌ಹೀರೋ ಕಾಮಿಕ್ಸಿಗೆ ಕನ್ನಡದಲ್ಲಿ ವಿಮರ್ಶೆ ಬರೆಯುವವನನ್ನು ಫಜೀತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಾನು ಒಂದನ್ನೂ ಕರೆದವನಲ್ಲ. ಹೊಸ ಪುಸ್ತಕಗಳ ಹಾಗೆ ಅವೂ ವಾರ ವಾರ ಬರುತ್ತವೆ.

ನನಗೀಗ ಐವತ್ತನಾಲ್ಕು ವರ್ಷ. ಮನೆ ವಡಾಲದಲ್ಲಿ, ಆಫೀಸು ದಾದರಿನಲ್ಲಿ. ಹಗಲೆಲ್ಲ ವಿಮೆಯ ಕಾಗದಪತ್ರ ನೋಡುವ ಕೆಲಸ. ಗುರುವಾರ ಸಂಜೆ ಮಾತ್ರ ಆಫೀಸಿನ ಪಕ್ಕದ ಉಡುಪಿ ಹೋಟೆಲಿನಲ್ಲಿ ಒಂದು ಪ್ಲೇಟ್ ಶೀರಾ ತಿಂದು, ಚಹಾ ಕುಡಿದು, ಲೋಕಲ್ ಹಿಡಿದು ಮಲಾಡಿಗೆ ಹೋಗುತ್ತೇನೆ. ಅಲ್ಲೊಂದು ಕಾಮಿಕ್ಸ್ ಅಂಗಡಿಯಲ್ಲಿ ಆ ವಾರದ ಹೊಸ ಸಂಚಿಕೆಗಳ ಪೆಟ್ಟಿಗೆ ಅವತ್ತು ಒಡೆಯುತ್ತಾರೆ. ನಾಲ್ಕೈದು ಕೊಂಡು, ವಾಪಸು ಬರುವ ರೈಲಿನಲ್ಲಿ ಓದಿ, ಶುಕ್ರವಾರ ಬರೆದು, ಶನಿವಾರ ನಮ್ಮ ಕನ್ನಡ ಸಂಘದ ವಾರಪತ್ರಿಕೆಯ ಸಂಪಾದಕರಿಗೆ ತಲುಪಿಸುತ್ತೇನೆ. ಬುಧವಾರ ಹೊರಬರುವ ಎಂಟು ಪುಟದ ಪತ್ರಿಕೆ. ಅದರಲ್ಲಿ ಅರ್ಧ ಪುಟ ನನ್ನದು. ಎರಡು ವರ್ಷದಿಂದ ಬರೆಯುತ್ತಿದ್ದರೂ ಅದನ್ನು ಯಾರು ಓದುತ್ತಾರೆ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಇಲ್ಲದ ಮಗ

ಮೊದಲ ದಿನ ಆ ಅಂಗಡಿಗೆ ಹೋದಾಗ ಒಳಗಿದ್ದವರೆಲ್ಲ ಕಾಲೇಜಿನ ಹುಡುಗರು. ನನ್ನ ಒಂದು ಕೈಯಲ್ಲಿ ಟಿಫಿನ್ ಡಬ್ಬಿ, ಇನ್ನೊಂದರಲ್ಲಿ ಕೊಡೆ. ಅಂಗಡಿಯವನು ಒಳ್ಳೆಯ ಮನುಷ್ಯ. "ಅಂಕಲ್, ಬೇಟೇ ಕೇ ಲಿಯೇ?" ಅಂದ, ಮಗನಿಗಾ ಅಂತ. ಹುಡುಗರೆಲ್ಲ ನನ್ನ ಕಡೆ ತಿರುಗಿದರು. ನನಗೇ ಬೇಕು ಎಂದು ಹೇಳಲು ಬಾಯಿ ಬರಲಿಲ್ಲ. "ಹಾಂ" ಅಂದುಬಿಟ್ಟೆ.

ಹುಟ್ಟಿಸಿದ ಸುಳ್ಳನ್ನು ಸಾಕಿ ಬೆಳೆಸಲೂಬೇಕು ಎಂದು ಆಗ ಹೊಳೆಯಲಿಲ್ಲ. ಮುಂದಿನ ವಾರ ಎಷ್ಟನೇ ಕ್ಲಾಸು ಎಂದು ಕೇಳಿದ. ಎಂಟನೇದು ಎಂದೆ. ಎರಡು ವರ್ಷದಲ್ಲಿ ನನ್ನ ಮಗನಿಗೆ ಕನ್ನಡಕ ಬಂತು, ಒಂದು ಸಲ ಡೆಂಗ್ಯೂ ಬಂತು, ಗಣಿತ ತಲೆಗೆ ಹತ್ತದೆ ಟ್ಯೂಷನ್ನಿಗೂ ಹಾಕಿದ್ದಾಯಿತು. ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ವಾರ ನಾನು ಒಳಗೆ ಕಾಲಿಡುವ ಮೊದಲೇ ಅಂಗಡಿಯವನು "ಕಿತನಾ ಪರ್ಸೆಂಟ್?" ಎಂದು ಕೂಗಿದ. ತೊಂಬತ್ತು ಎಂದರೆ ಅತಿಯಾಗುತ್ತದೆ, ಅರವತ್ತು ಎಂದರೆ ನನಗೇ ಬೇಜಾರು. ಎಂಬತ್ತೆರಡು ಎಂದೆ. ಆತ ಎದ್ದು ಬಂದು ಕೈ ಕುಲುಕಿ, ಮಗನಿಗೆ ಕೊಡಿ ಎಂದು ಆಳೆತ್ತರದ ಪೋಸ್ಟರೊಂದನ್ನು ಸುರುಳಿ ಸುತ್ತಿ ಕೊಟ್ಟ. ಅದನ್ನು ಹಿಡಿದು ರೈಲಿನಲ್ಲಿ ನಿಂತಾಗ, ಸುಳ್ಳು ಹೇಳುವುದಿಲ್ಲ, ಹುಡುಗನ ಬಗ್ಗೆ ಹೆಮ್ಮೆಯೇ ಆಯಿತು.

ನನಗಿರುವುದು ಒಬ್ಬಳೇ ಮಗಳು. ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುತ್ತಾಳೆ. ಬಾಗಿಲು ತೆಗೆದವಳು ಪೋಸ್ಟರ್ ನೋಡಿ, "ಅಪ್ಪಾ, ಯೇ ಕಿಸ್ಕಾ ಹೈ?" ಅಂದಳು, ಇದು ಯಾರದು ಅಂತ. ಎರಡು ವರ್ಷದ ಅಭ್ಯಾಸ ನೋಡಿ, "ನಿನ್ನ ತಮ್ಮನದು" ಎಂದು ಬಾಯಿಂದ ಹೊರಟೇಹೋಯಿತು.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. "ಯಾವ ತಮ್ಮ ರೀ?" ಎನ್ನುತ್ತ ನನ್ನ ಹೆಂಡತಿ ಸೌಟಿನ ಸಮೇತ ಹೊರಗೆ ಬಂದಳು.

ಉಪ್ಪು ಸ್ವಲ್ಪ ಕಡಿಮೆ

ನಮ್ಮ ಸಂಪಾದಕರು ಉಡುಪಿ ಕಡೆಯವರು. ಇಪ್ಪತ್ತೈದು ವರ್ಷ ಹೋಟೆಲ್ ನಡೆಸಿ, ಗ್ರೈಂಡರ್ ಹತ್ತಿರ ನಿಲ್ಲುವ ಜನ ಸಿಗುವುದಿಲ್ಲ ಎಂದು ಬೇಸತ್ತು, ಅದನ್ನು ತಮ್ಮನಿಗೆ ಬಿಟ್ಟು ಪತ್ರಿಕೆಗೆ ಬಂದವರು. ಪತ್ರಿಕೆಯನ್ನೂ ಹೋಟೆಲಿನ ಹಾಗೆಯೇ ನಡೆಸುತ್ತಾರೆ.

ಹೀರೋಗಳಿಗೆ ಇಂಗ್ಲಿಷ್ ಹೆಸರು ಬೇಡ ಎಂದು ಶರತ್ತು ಹಾಕಿದವರು ಅವರೇ. ಹಾಗಾಗಿ ಕೈಯಿಂದ ಮಿಂಚು ಹೊರಡಿಸುವ ನನ್ನ ಹಳೆಯ ಗೆಳೆಯನಿಗೆ 'ಸಿಡಿಲುಗೈ' ಎಂದು ಹೆಸರಿಟ್ಟೆ. ಗೆಳೆಯ ಎಂದು ಸುಮ್ಮನೆ ಹೇಳುತ್ತಿಲ್ಲ. ಹನ್ನೊಂದು ವರ್ಷದವನಿದ್ದಾಗ ದಾದರ್ ಸ್ಟೇಷನ್ನಿನ ಹೊರಗೆ ಹಳೆ ಪುಸ್ತಕದವನ ಹತ್ತಿರ ಮುಖಪುಟ ಹರಿದ ಅವನ ಸಂಚಿಕೆ ಸಿಕ್ಕಿತ್ತು. ಅವತ್ತಿನಿಂದ ಅವನ ಕೈ ಬಿಟ್ಟಿಲ್ಲ.

ಒಂದು ವಾರ ಬಂದ ಪುಸ್ತಕ ನಿಜಕ್ಕೂ ಕೆಟ್ಟದಾಗಿತ್ತು. "ಕತೆ ಹಳಸಿದೆ, ಚಿತ್ರಗಳು ಅವಸರದ್ದು" ಎಂದು ಬರೆದೆ. ಸಂಪಾದಕರು ಕನ್ನಡಕ ಹಣೆಗೇರಿಸಿ, "ಹಳಸಿದೆ ಅಂತ ಬರೀತಾರಾ ಮಾರಾಯ್ರೆ? ಆ ಶಬ್ದ ಒಮ್ಮೆ ಕೇಳಿದರೆ ಗಿರಾಕಿ ಇಡೀ ಬೀದಿಯನ್ನೇ ಬಿಡ್ತಾನೆ" ಎಂದು ಅದನ್ನು ಹೊಡೆದುಹಾಕಿ, "ಕತೆಗೆ ಉಪ್ಪು ಸ್ವಲ್ಪ ಕಡಿಮೆ" ಎಂದು ತಿದ್ದಿದರು. ವಿಮರ್ಶಕನಾದವನು ಸತ್ಯ ಹೇಳಬೇಕು ಎಂದು ನಾನು ವಾದಕ್ಕಿಳಿದೆ.

"ಯಾರಿಗೆ ಹೇಳುವುದು?" ಅಂದರು. "ಎರಡು ವರ್ಷದಲ್ಲಿ ನಿಮ್ಮ ಅರ್ಧ ಪುಟಕ್ಕೆ ಒಂದು ಪತ್ರ ಬಂದಿಲ್ಲ. ಹೊಗಳುವುದು ಬೇಡ, ಬೈದಾದರೂ ಬರೀಬೇಕಿತ್ತಲ್ಲ ಯಾರಾದರೂ? ದೀಪಾವಳಿಯೊಳಗೆ ಒಬ್ಬ ಓದುಗನ ಪತ್ರ ತನ್ನಿ. ಇಲ್ಲದಿದ್ದರೆ ಆ ಜಾಗಕ್ಕೆ ರಾಶಿ ಭವಿಷ್ಯ."

ಮಾತು ನಾಟಿತು. ಬಾವಿಗೆ ಕಲ್ಲು ಹಾಕಿದರೂ ಒಂದು ಸದ್ದು ಬರುತ್ತದೆ. ಎರಡು ವರ್ಷ ವಾರ ವಾರ ಹಾಕಿದ್ದೇನೆ, ಒಂದು ಸದ್ದೂ ಇಲ್ಲ. ಮನಸ್ಸು ಸಣ್ಣದು ಮಾಡಿಕೊಂಡು, "ನಮ್ಮನೆಯವರು ಬರೆದರೆ ಆಗುತ್ತಾ ಸರ್?" ಎಂದು ಕೇಳಿದೆ.

"ಮಾಲಕನ ಹೆಂಡತಿ ದೋಸೆ ಚೆಂದ ಉಂಟು ಅಂದರೆ, ಅದನ್ನು ಬೋರ್ಡಿನಲ್ಲಿ ಬರೀಲಿಕ್ಕೆ ಆಗ್ತದಾ?" ಅಂದರು.

ಬಾಂದ್ರಾ ಬಿಟ್ಟವರು

ನನಗೊಂದು ನಿಯಮವಿದೆ. ಏನೇ ಆದರೂ ವಿಮರ್ಶಕ ಕತೆಯ ಕೊನೆ ಹೇಳಬಾರದು. ಓದುವವನ ಬಾಯಿಯ ತುತ್ತು ಕಿತ್ತ ಹಾಗಾಗುತ್ತದೆ. ಎರಡು ವರ್ಷದಲ್ಲಿ ಒಂದು ಕತೆಯ ಕೊನೆಯನ್ನೂ ನಾನು ಬರೆದಿರಲಿಲ್ಲ.

ಒಂದು ಗುರುವಾರ ಮಲಾಡಿನಿಂದ ಬರುವಾಗ ಲೋಕಲಿನಲ್ಲಿ ನಾಲ್ಕನೇ ಸೀಟು ಸಿಕ್ಕಿತು. ನಾಲ್ಕನೇ ಸೀಟೆಂದರೆ ಮೂವರ ಬೆಂಚಿನ ತುದಿಯಲ್ಲಿ ಅರ್ಧ ದೇಹ ಕೂತು, ಅರ್ಧ ದೇಹ ನಿಂತಿರುವುದು. ಅಂಗಡಿಯಲ್ಲೇ ಒಮ್ಮೆ ಓದಿ ಮುಗಿಸಿದ್ದ ಪುಸ್ತಕವನ್ನು ಮತ್ತೊಮ್ಮೆ ಓದುತ್ತಿದ್ದೆ. ಹಾಳೆ ತಿರುಗಿಸಲು ಹೋದಾಗ ತಲೆಯ ಮೇಲಿನಿಂದ "ಥಾಂಬಾ", ತಾಳಿ, ಎಂದು ಮೆಲ್ಲಗೆ ದನಿ ಬಂತು. ಬ್ರೀಫ್‌ಕೇಸ್ ಹಿಡಿದ ಮರಾಠಿ ಗೃಹಸ್ಥರೊಬ್ಬರು ನಿಂತುಕೊಂಡೇ ಓದುತ್ತಿದ್ದರು. ತಡೆದೆ. ಅವರು ತಲೆಯಾಡಿಸಿದ ಮೇಲೆ ತಿರುಗಿಸಿದೆ. ಹೀಗೆ ಅಂಧೇರಿ ದಾಟಿ, ಸಾಂತಾಕ್ರೂಜ್ ದಾಟಿ ಇಬ್ಬರೂ ಓದಿದೆವು.

ಬಾಂದ್ರಾ ಬಂದಾಗ ಇನ್ನೂ ಎರಡು ಪುಟ ಬಾಕಿ. ಗೃಹಸ್ಥರು ಇಳಿಯಬೇಕಿತ್ತು. "ಪುಢೇ ಕಾಯ್?" ಮುಂದೇನು, ಎಂದು ಅವಸರದಲ್ಲಿ ಕೇಳಿದರು. ನಿಯಮ ನಿಯಮವೇ. ಹೇಳುವುದಿಲ್ಲ ಎಂದೆ. ಅವರು ಬಾಗಿಲು ನೋಡಿದರು, ಪುಸ್ತಕ ನೋಡಿದರು. ಗಾಡಿ ಹೊರಟಿತು. ಅವರು ಇಳಿಯಲಿಲ್ಲ. ದಾದರ್ ಬರುವ ಹೊತ್ತಿಗೆ ಕೊನೆಯ ಪುಟ ಮುಗಿಯಿತು.

"ಹಟ್! ಇದಕ್ಕೋಸ್ಕರ ಬಾಂದ್ರಾ ಬಿಟ್ಟೆನಾ?" ಎಂದು ಮರಾಠಿಯಲ್ಲಿ ಬೈದುಕೊಂಡು, ಎದುರು ಗಾಡಿ ಹಿಡಿಯಲು ಸೇತುವೆ ಹತ್ತಿದರು. ಆ ಪುಸ್ತಕದ ಬಗ್ಗೆ ನಾನು ಅರ್ಧ ಪುಟ ಬರೆದೆ. ಅವರದೇ ಒಳ್ಳೆಯ ವಿಮರ್ಶೆಯಾಗಿತ್ತು.

ಒಂದು ನಿಮಿಷ ಮೌನ

ದೀಪಾವಳಿಗೆ ಆರು ವಾರ ಇರುವಾಗ ಸಿಡಿಲುಗೈ ಸತ್ತ. ಊರಿನ ಮೇಲೆ ಬೀಳಬೇಕಿದ್ದ ಬೆಂಕಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಸಮುದ್ರಕ್ಕೆ ಹಾರಿದ. ಕೊನೆಯ ಪುಟದಲ್ಲಿ ಬರೀ ನೀರು.

ಈ ಪುಸ್ತಕಗಳಲ್ಲಿ ಸತ್ತವರು ಹೆಚ್ಚು ದಿನ ಸತ್ತಿರುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ರೈಲಿನಲ್ಲಿ ಕಣ್ಣು ತುಂಬಿ ಬಂತು. ಮನೆಯಲ್ಲಿ ಹೇಳಿಕೊಳ್ಳುವ ಹಾಗಿಲ್ಲ. ಇಲ್ಲದ ಮಗನ ಪ್ರಕರಣವೇ ಇನ್ನೂ ತಣ್ಣಗಾಗಿರಲಿಲ್ಲ. ಮೊದಲ ಬಾರಿಗೆ ನಿಯಮ ಮುರಿದು ಹೀಗೆ ಶುರುಮಾಡಿದೆ: "ಐವತ್ತು ವರ್ಷ ಒಂದೇ ಊರನ್ನು ಹಗಲಿರುಳು ಕಾದವರು ಕಳೆದ ವಾರ ನಮ್ಮನ್ನಗಲಿದರು. ತಮ್ಮ ನಿಜವಾದ ಹೆಸರನ್ನು ಅವರು ಯಾರಿಗೂ ಹೇಳಿದವರಲ್ಲ."

ನಮ್ಮ ಪತ್ರಿಕೆಯ ಮೂರನೇ ಪುಟ ಸಂಘದ ಸದಸ್ಯರ ಮರಣವಾರ್ತೆಗೆ ಮೀಸಲು. ಪುಟ ಜೋಡಿಸುವಾಕೆ ಮೊದಲೆರಡು ಸಾಲು ಓದಿ, ಇಡೀ ವಿಮರ್ಶೆಗೆ ಕಪ್ಪು ಅಂಚು ಕಟ್ಟಿ ಅಲ್ಲಿಗೆ ಹಾಕಿಬಿಟ್ಟಳು. ಭಾನುವಾರ ಸಂಘದ ಮಾಸಿಕ ಸಭೆ. ಕಾರ್ಯದರ್ಶಿಗಳು ಎದ್ದು ಆ ಎರಡು ಸಾಲನ್ನು ಗದ್ಗದಿತರಾಗಿ ಓದಿ, "ಒಂದು ನಿಮಿಷ ಮೌನ" ಎಂದರು. ಎಲ್ಲರ ಕುರ್ಚಿಗಳೂ ಒಟ್ಟಿಗೆ ಸರಿದವು. ಸತ್ಯ ಹೇಳಲು ಎದ್ದ ನಾನೂ ಹಾಗೆಯೇ ಕೈಕಟ್ಟಿ ನಿಂತೆ. ಅರವತ್ತು ಜನ ತಲೆ ತಗ್ಗಿಸಿದ್ದರು. ಅವನಿಗೆ ಇಷ್ಟಾದರೂ ಸಿಕ್ಕಿತಲ್ಲ ಎಂದು ಮನಸ್ಸಿಗೆ ಸಮಾಧಾನವಾಯಿತು.

ಮೌನ ಮುಗಿದ ಮೇಲೆ ಹಿರಿಯರೊಬ್ಬರು ಮೈಕ್ ಕೇಳಿ ಪಡೆದರು. "ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅವರೇ. ಬಹಳ ವರ್ಷ ನೋಡಿದ್ದೇನೆ. ಹೆಸರು ಕೇಳಿದರೆ ನಗುತ್ತಿದ್ದರು, ಅಷ್ಟೆ" ಎಂದು ಕಣ್ಣೊರೆಸಿಕೊಂಡರು.

ಸಂಪಾದಕರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿದಿರಲ್ಲ, ಮೂರನೇ ಸಾಲಿನ ತನಕ ಒಬ್ಬನೂ ಹೋಗಲಿಲ್ಲ. ರಾಶಿ ಭವಿಷ್ಯವಾದರೆ ಜನ ಹೆಂಡತಿಯ ರಾಶಿಯನ್ನೂ ಸೇರಿಸಿ ಓದ್ತಾರೆ."

ಶೀರಾ ಇಲ್ಲದ ಗುರುವಾರ

ಆ ಸಭೆಗೆ ಮೂರು ದಿನ ಮೊದಲು, ಪತ್ರಿಕೆ ಹೊರಬಂದ ಮರುದಿನ, ಗುರುವಾರದ ರೂಢಿಯಂತೆ ಹೋಟೆಲಿಗೆ ಹೋಗಿದ್ದೆ. ಶೀರಾ ಇರಲಿಲ್ಲ. ಹದಿನೈದು ವರ್ಷದಲ್ಲಿ ಹೀಗಾಗಿದ್ದು ಅದೇ ಮೊದಲು. "ಭಟ್ರು ಮಾಡಲಿಲ್ಲ ಸರ್. ಯಾರೋ ಬೇಕಾದವರು ಹೋದರಂತೆ" ಎಂದ ವೇಟರ್. ಪಾಪ ಎಂದುಕೊಂಡು ಬರೀ ಚಹಾ ಕುಡಿದು ಎದ್ದೆ. ಮುಂದಿನ ಗುರುವಾರವೂ ಇಲ್ಲ. ಮೂರನೇ ವಾರ ಶೀರಾ ಬಂತು, ದ್ರಾಕ್ಷಿ ಗೋಡಂಬಿ ಎಂದಿಗಿಂತ ಧಾರಾಳವಾಗಿತ್ತು.

ಐದನೇ ವಾರ ಸಿಡಿಲುಗೈ ವಾಪಸು ಬಂದ. ಸತ್ತದ್ದು ಬೇರೊಂದು ಲೋಕದಿಂದ ಬಂದಿದ್ದ ಅವನ ಪ್ರತಿರೂಪವಂತೆ. ಶುಕ್ರವಾರ ಸಂಜೆ ಅದೇ ಹೋಟೆಲಿನ ಮೂಲೆ ಟೇಬಲಿನಲ್ಲಿ ಪುಸ್ತಕ ಮುಂದಿಟ್ಟುಕೊಂಡು ಬರೆಯಲು ಕೂತೆ. ದೀಪಾವಳಿಗೆ ಮುಂಚಿನ ಕೊನೆಯ ಅಂಕಣ. ಪತ್ರ ಬಂದಿರಲಿಲ್ಲ. ಇದೇ ನನ್ನ ಕೊನೆಯ ಬರಹ ಎಂದು ತಿಳಿದು ಬರೆಯುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಚಹಾ ಇಡಲು ಬಂದ ವೇಟರ್ ಮುಖಪುಟ ನೋಡಿದ. "ಕೈಯಲ್ಲಿ ಮಿಂಚು! ಸಿಡಿಲುಗೈಯಾ ಸರ್ ಇದು?" ಎಂದವನೇ ಅಡುಗೆಮನೆಗೆ ಓಡಿದ. ಪಂಚೆ ಮೇಲೆ ಕಟ್ಟಿ, ಹೆಗಲ ಬೈರಾಸಿನಲ್ಲಿ ಕೈ ಒರೆಸುತ್ತ ಅರವತ್ತರ ಆಸುಪಾಸಿನ ಭಟ್ಟರು ಹೊರಗೆ ಬಂದರು.

"ಬರೆಯುವವರು ನೀವಾ?" ಅಂದರು.

"ನಾನೇ."

"ಇದರಲ್ಲಿ ಚಿತ್ರ ಉಂಟಾ?" ಎಂದು ಪುಸ್ತಕ ತೆಗೆದುಕೊಂಡರು. ನಮ್ಮ ಪತ್ರಿಕೆ ಹೋಟೆಲಿಗೆ ಬರುತ್ತದೆ. ನನ್ನ ಅರ್ಧ ಪುಟದಲ್ಲಿ ಚಿತ್ರವಿರುವುದಿಲ್ಲ. ಕಾಮಿಕ್ಸ್ ಎಂಬ ವಸ್ತುವನ್ನು ಅವರು ನೋಡಿದ್ದೇ ಅವತ್ತು. ಮುಖಪುಟವನ್ನು ತುಸು ದೂರ ಹಿಡಿದು, "ಇಷ್ಟು ಸಣ್ಣ ಪ್ರಾಯವಾ? ಸ್ವಲ್ಪ ಹೊಟ್ಟೆ ಉಂಟು ಅಂತ ಹೇಳಿದ್ದೆ ನಾನು" ಅಂದರು.

"ಯಾರಿಗೆ ಹೇಳಿದ್ದಿರಿ?"

"ಒಳಗೆ, ನಮ್ಮ ಅಡುಗೆಯವರಿಗೆ. ವಾರ ವಾರ ನಿಮ್ಮದನ್ನು ನಾನೇ ಓದಿ ಹೇಳುವುದು. ನೀವು ಒಂದು ಕತೆಯನ್ನೂ ಮುಗಿಸುವುದಿಲ್ಲ ಮಾರಾಯ್ರೆ! ಬಸ್ಸು ಸೇತುವೆಯಿಂದ ನೇತಾಡ್ತಾ ಉಂಟು, ಒಳಗೆ ಮಕ್ಕಳು ಕಿರುಚ್ತಾ ಇದ್ದಾರೆ, ಅಲ್ಲಿಗೆ ಬಿಟ್ಟು 'ಮುಂದೇನು, ಓದಿಯೇ ತಿಳಿಯಿರಿ' ಅಂತೀರಿ. ಎಲ್ಲಿ ಓದುವುದು? ತರಕಾರಿ ಹೆಚ್ಚುವವರು ಬಿಡ್ತಾರಾ? ಎರಡು ವರ್ಷದಿಂದ ಎಲ್ಲಾ ಕೊನೆ ನಾನೇ ಮಾಡಿ ಹೇಳಿದ್ದೇನೆ. ನೀವು ಹೇಳಿದ್ದು ಒಂದೇ ಕೊನೆ, ಅದೂ ಅವನನ್ನು ಕೊಂದದ್ದು."

ಇಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ, ಗೋಡೆಯ ಆಚೆ, ನನ್ನ ಓದುಗರು ಎರಡು ವರ್ಷದಿಂದ ಈರುಳ್ಳಿ ಹೆಚ್ಚುತ್ತಿದ್ದರು. ನಾನು ಈಚೆ ಕೂತು ಶೀರಾ ತಿನ್ನುತ್ತಿದ್ದೆ.

"ಭಟ್ರೇ, ಖುಷಿಯ ಸುದ್ದಿ ಇದೆ. ಅವನು ಬದುಕಿ ಬಂದಿದ್ದಾನೆ" ಎಂದೆ. ಅಷ್ಟು ವರ್ಷದ ನಿಯಮ ಎರಡನೇ ಸಲ ಮುರಿದದ್ದಕ್ಕೆ ಏನೂ ಅನ್ನಿಸಲಿಲ್ಲ.

ಭಟ್ಟರು ಅಲುಗಾಡಲಿಲ್ಲ. "ಈಗಲಾ? ನಾನು ಹನ್ನೊಂದನೇ ದಿನವೇ ಬರಿಸಿದ್ದೇನೆ."

"ಹೇಗೆ?"

"ಮೇಲೆ ಬೂದಿ ಕಂಡ ಕೂಡಲೇ ಕೆಂಡ ಆರಿತು ಅಂತ ಅಲ್ಲ. ಒಲೆ ಹತ್ತಿರ ನಿಂತವನಿಗೆ ಅದು ಗೊತ್ತುಂಟು. ದೋಣಿಯವರು ಎತ್ತಿದರು, ವಡಾಲದ ಹತ್ತಿರ ದಡಕ್ಕೆ ಬಿಟ್ಟರು."

"ಈಗ ಎಲ್ಲಿದ್ದಾನೆ?"

"ನಮ್ಮಲ್ಲೇ. ಗ್ರೈಂಡರ್ ಹತ್ತಿರ ನಿಲ್ಲಿಸಿದ್ದೇನೆ. ಕರೆಂಟ್ ಹೋದರೆ ಕೈಯ ಮಿಂಚಿನಲ್ಲೇ ತಿರುಗಿಸ್ತಾನೆ."

"ದಾದರಿನಲ್ಲಿ ಕರೆಂಟ್ ಹೋಗುವುದೇ ಅಪರೂಪ ಅಲ್ವಾ?"

"ಅದಕ್ಕೇ ಹಾಕಿದ್ದು," ಎಂದರು ಭಟ್ಟರು. "ಐವತ್ತು ವರ್ಷ ಓಡಾಡಿದ್ದಾನೆ. ಸ್ವಲ್ಪ ಕೂತುಕೊಳ್ಳಲಿ."

ಪತ್ರ ಬರೆದುಕೊಡುತ್ತೀರಾ ಎಂದು ಕೇಳಿದೆ. ಆರ್ಡರ್ ಬರೆಯುವ ಪುಸ್ತಕದಿಂದ ಹಾಳೆ ಹರಿದು ಬರೆದರು. ಹೊಗಳಿಕೆ ಒಂದಕ್ಷರವಿಲ್ಲ, ಎಲ್ಲವೂ ದೂರು. ಕೊನೆಯಲ್ಲಿ, ಸಿಡಿಲುಗೈ ಕ್ಷೇಮವಾಗಿದ್ದಾನೆ, ಗ್ರೈಂಡರ್ ನೋಡಿಕೊಳ್ಳುತ್ತಾನೆ, ಪುಸ್ತಕದವರು ಚಿಂತೆ ಮಾಡುವುದು ಬೇಡ ಎಂದಿತ್ತು.

ಮರುದಿನ ಸಂಪಾದಕರು ಅದನ್ನು ಎರಡು ಸಲ ಓದಿದರು. "ಅಂಕಣ ನಡೆಯಲಿ. ಅರ್ಧ ಕತೆ ನೀವು ಬರೀರಿ, ಕೊನೆ ಭಟ್ರು ಬರೀಲಿ" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. ಕನ್ನಡಕ ತೆಗೆದು ಒರೆಸಿದರು.

"ಅಂಥ ಒಬ್ಬ ಸಿಕ್ಕಿದ್ದರೆ ಮಾರಾಯ್ರೆ, ನಾನು ಹೋಟೆಲು ಬಿಡ್ತಾನೇ ಇರಲಿಲ್ಲ."